ಇಳಿಜಾರು ಹಿತ್ತಿಲಲ್ಲೊಂದು ಈಜುಕೊಳ

ಈಜುಕೊಳ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ ಹೇಳಿ? ಸಿನಿಮಾದ ಶ್ರೀಮಂತರ ಬಂಗಲೆ, ನೀಲಿ ನೀರು, ಪಕ್ಕದಲ್ಲಿ ಬಣ್ಣದ ಕೊಡೆ, ಅದರಡಿಯಲ್ಲಿ ಹಣ್ಣಿನ ರಸ ಹೀರುತ್ತ ಕೂತ ವಿಲನ್! ನನಗೂ ಅಷ್ಟೇ ಗೊತ್ತಿದ್ದದ್ದು. ಮಲೆನಾಡಿನ ಹೆಂಗಸಿಗೆ ನೀರೆಂದರೆ ಬಾವಿ, ಹಳ್ಳ, ಬಚ್ಚಲ ಹಂಡೆ. ಇನ್ನು ಮಳೆಗಾಲ ಬಂತೆಂದರೆ ನೀರು ಸಾಕಪ್ಪಾ ಸಾಕು ಅನ್ನುವ ಜನ ನಾವು. ಅಂಥ ನಮ್ಮ ಮನೆಯ ಹಿತ್ತಿಲಲ್ಲೇ ಈಜುಕೊಳ ಕಟ್ಟಿಸಿ ಅದರ ಕಥೆ ನಿಮಗೆ ಹೇಳಲು ಕೂತಿದ್ದೇನೆ. ನಗು ಬಂದರೆ ನಕ್ಕುಬಿಡಿ, ಆದರೆ ಪೂರ್ತಿ ಕೇಳಿ. ಯಾಕೆಂದರೆ ಮೂಡಿಗೆರೆ, ಸಕಲೇಶಪುರ, ಕೊಡಗು ಎಲ್ಲ ಕಡೆ ಹೋಂಸ್ಟೇ ಇಟ್ಟವರ ಮನೆಗಳಲ್ಲಿ ಈಗ ಈ ಮಾತು ಎದ್ದೇ ಏಳುತ್ತದೆ. ನಾಳೆ ನಿಮ್ಮ ಮನೆಯಲ್ಲೂ ಏಳಬಹುದು.

ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ ಸಣ್ಣ ಕಾಫಿ ತೋಟ. 2020ರ ಕೊರೋನಾ ವರ್ಷದಲ್ಲಿ ಮಗ ಬೆಂಗಳೂರಿನ ಕೆಲಸ ಬಿಟ್ಟು ಹೆಂಡತಿಯೊಂದಿಗೆ ಊರಿಗೆ ಬಂದ. ಮನೆಯ ಎರಡು ಕೋಣೆ ರಿಪೇರಿ ಮಾಡಿಸಿ ಹೋಂಸ್ಟೇ ಶುರು ಮಾಡಿದರು. ಅಕ್ಕಿರೊಟ್ಟಿ, ಕಡುಬು, ಕೆಸುವಿನ ಪತ್ರೊಡೆ ತಿಂದು ಜನ ಹೊಗಳಿದ್ದೇ ಹೊಗಳಿದ್ದು. ಆದರೆ ಫೋನಿನಲ್ಲಿ ಮೊದಲು ಕೇಳುವುದು ಮಾತ್ರ ಒಂದೇ ಪ್ರಶ್ನೆ, "ಸ್ವಿಮ್ಮಿಂಗ್ ಪೂಲ್ ಇದೆಯಾ?" ಇಲ್ಲ ಅಂದರೆ ಅರ್ಧ ಜನ ಅಲ್ಲಿಗೇ ಫೋನ್ ಇಟ್ಟುಬಿಡುತ್ತಿದ್ದರು. ಮಗನ ಆಸೆ ತಪ್ಪಲ್ಲ. ಬೆಳೆಗೆ ಒಂದು ವರ್ಷ ಬೆಲೆಯಿದ್ದರೆ ಒಂದು ವರ್ಷ ಇಲ್ಲ, ಬೇರೆ ಆದಾಯ ಬೇಕೇ ಬೇಕು.

ತೊಂದರೆ ಇದ್ದದ್ದು ಜಾಗದ್ದು. ಮನೆಯ ಮುಂದೆ ಕಾಫಿ ಒಣಗಿಸುವ ಕಣ, ಅದನ್ನು ಮುಟ್ಟುವ ಹಾಗಿಲ್ಲ. ಉಳಿದದ್ದು ಹಿತ್ತಿಲು. ಅದೋ, ನಮ್ಮ ಕಡೆಯ ಎಲ್ಲ ಹಿತ್ತಿಲಿನಂತೆ ಜಾರುಬಂಡೆ! ಮೇಲೆ ಗುಡ್ಡ, ಕೆಳಗೆ ತೋಟ, ನಡುವೆ ನಾವು. ಆ ಇಳಿಜಾರಿನ ಬುಡದಲ್ಲಿ, ಸುಮಾರು 40 ಅಡಿ ಕೆಳಗೆ, ನಮ್ಮ ಲೈನ್ ಮನೆಗಳು. ಐದು ಸಂಸಾರ. ನಾನು ಮದುವೆಯಾಗಿ ಬಂದಾಗ ಅಲ್ಲಿ ತೊಟ್ಟಿಲಲ್ಲಿದ್ದ ಕೂಸುಗಳಿಗೆ ಈಗ ಮಕ್ಕಳಾಗಿವೆ. ಈ ಲೈನ್ ಮನೆಗಳನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಿ, ಕಥೆಯೆಲ್ಲ ಅದರ ಮೇಲೇ ನಿಂತಿದೆ.

ಇಳಿಜಾರು ಎಷ್ಟಿದೆ ಅಂತ ಕಣ್ಣಳತೆಯಲ್ಲಿ ಹೇಳಲಾಗುವುದಿಲ್ಲ. ನಮ್ಮ ಮೇಸ್ತ್ರಿ ಒಂದು ಉದ್ದನೆಯ ಪಾರದರ್ಶಕ ಪೈಪಿಗೆ ನೀರು ತುಂಬಿಸಿ ಒಂದು ತುದಿ ನನ್ನ ಕೈಗೆ ಕೊಟ್ಟರು, ಇನ್ನೊಂದನ್ನು ತಾವು ಹಿಡಿದು ಕೆಳಗಿಳಿದರು. ಪೈಪು ಎಷ್ಟೇ ವಕ್ರವಾಗಿ ಬಿದ್ದಿರಲಿ, ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಆ ಮಟ್ಟದಿಂದ ನೆಲಕ್ಕೆ ಎಷ್ಟು ಅಂತ ಎರಡೂ ಕಡೆ ಟೇಪ್ ಹಿಡಿದರೆ ಇಳಿಜಾರು ತಾನಾಗಿ ಗೊತ್ತಾಗುತ್ತದೆ. 24 ಅಡಿ ದೂರಕ್ಕೆ 6 ಅಡಿ ಇಳಿತ. ನಾಲ್ಕಕ್ಕೆ ಒಂದು.

ಮಗ ಕರೆತಂದ ಕಂಟ್ರಾಕ್ಟರು ಪಟ್ಟಣದವರು. ಲ್ಯಾಪ್‌ಟಾಪಿನಲ್ಲಿ ಚಿತ್ರ ತೋರಿಸಿದರು. ಆಹಾ, ನೋಡೋಕೆ ಎರಡು ಕಣ್ಣು ಸಾಲದು! 24 ಅಡಿ ಉದ್ದದ ಕೊಳ ಇಳಿಜಾರಿನುದ್ದಕ್ಕೂ ಚಾಚಿಕೊಂಡು, ಅದರ ತುದಿ ಕಣಿವೆಯ ಮೇಲೆ ತೂಗಿದ ಹಾಗೆ, ನೀರು ಆಕಾಶಕ್ಕೇ ಸೇರಿಕೊಂಡ ಹಾಗೆ. ಇದಕ್ಕೆ ಇನ್ಫಿನಿಟಿ ಪೂಲ್ ಅಂತಾರಂತೆ. ಬಂದವರು ಫೋಟೋ ತೆಗೆಯಲಿಕ್ಕೆ ಅಂತಲೇ ಬರ್ತಾರಂತೆ. ಹೇಗೆ ಕಟ್ಟುತ್ತೀರಿ ಅಂದೆ. "ಮೇಲಿನ ಅರ್ಧ ಮಣ್ಣು ಕಡಿಯೋದು, ಅದೇ ಮಣ್ಣನ್ನ ಕೆಳಗಿನ ಅರ್ಧಕ್ಕೆ ತುಂಬಿ ಮಟ್ಟ ಮಾಡೋದು, ಸುತ್ತ ಸೈಜು ಕಲ್ಲು ಕಟ್ಟೋದು. ಎರಡು ತಿಂಗಳ ಕೆಲಸ ಮೇಡಂ" ಅಂದರು.

ನಾನು ಓದಿದ್ದು ಪಿಯುಸಿ. ಆದರೆ ಮೂವತ್ತು ವರ್ಷ ಅಡುಗೆ ಮನೆಯ ಲೆಕ್ಕ ಇಟ್ಟವಳು. ಕೊಳದ ಅಗಲ 12 ಅಡಿ, ಆಳ ಒಂದು ಕಡೆ 3, ಇನ್ನೊಂದು ಕಡೆ 5, ಸರಾಸರಿ 4 ಅನ್ನಿ. ಗುಣಿಸಿದರೆ 1,152 ಘನ ಅಡಿ. ಒಂದು ಘನ ಅಡಿಗೆ 28 ಲೀಟರಿಗೂ ಸ್ವಲ್ಪ ಜಾಸ್ತಿ, ಅಂದರೆ 32 ಸಾವಿರ ಲೀಟರ್ ದಾಟಿತು. ನಮ್ಮ ಕೊಡದ ಲೆಕ್ಕದಲ್ಲಿ ಎರಡು ಸಾವಿರ ಕೊಡಕ್ಕೂ ಮೇಲೆ. ಲೀಟರಿಗೆ ಒಂದು ಕಿಲೋ, ಹಾಗಾಗಿ ನೀರಿನದೇ ತೂಕ 32 ಟನ್ನು. ಕಾಂಕ್ರೀಟಿನ ತೂಕ ಬೇರೆ. ಕಾಫಿ ಮೂಟೆ ಹೇರಿದ ಮೂರು ಲಾರಿಗಳನ್ನು ಲೈನ್ ಮನೆಗಳ ನೆತ್ತಿಯ ಮೇಲೆ, ನಿನ್ನೆ ತುಂಬಿದ ಹಸಿ ಮಣ್ಣಿನಲ್ಲಿ ತಂದು ನಿಲ್ಲಿಸುತ್ತೀರಾ? ನಾನು ಆಗೋದಿಲ್ಲ ಅಂದೆ.

"ಅಮ್ಮ, ನಿನಗೆ ಇಂಜಿನಿಯರಿಂಗ್ ಗೊತ್ತಿಲ್ಲ, ಸುಮ್ಮನಿರು" ಅಂದ ಮಗ. ಯಜಮಾನರು ಪೇಪರಿನ ಹಿಂದೆ ಮುಖ ಅಡಗಿಸಿದರು. (ಮನೆಯಲ್ಲಿ ಜಗಳವಾದರೆ ಅವರಿಗೆ ಎಲ್ಲಿಲ್ಲದ ಸುದ್ದಿ ಓದುವ ಆಸಕ್ತಿ!) ಸೊಸೆ ಮಾತ್ರ, "ಅತ್ತೆ ಹೇಳೋದನ್ನ ಒಂದು ಸಲ ಬೇರೆ ಇಂಜಿನಿಯರ್ ಹತ್ರ ಕೇಳೋಣ, ಕೇಳಿದ್ರೆ ಏನು ನಷ್ಟ?" ಅಂದಳು.

ನನ್ನ ಭಯ ಸುಮ್ಮನೆ ಹುಟ್ಟಿದ್ದಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಮನೆ ಸಮೇತ ಜಾರಿ ಬಂದದ್ದನ್ನು ನೀವೂ ಟಿವಿಯಲ್ಲಿ ನೋಡಿದ್ದೀರಿ. ಮರುವರ್ಷ, 2019ರ ಆಗಸ್ಟಿನಲ್ಲಿ, ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲೇ ತೋಟ ಮನೆಗಳು ಕೊಚ್ಚಿಹೋದವು. ಕೊಡಗಿನ ಕುಸಿತವನ್ನು ಪರಿಶೀಲಿಸಿದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು, ಅತಿಯಾದ ಮಳೆಯ ಜೊತೆಗೆ ಮನೆಗೆ ರಸ್ತೆಗೆ ಅಂತ ಇಳಿಜಾರನ್ನು ನೆಟ್ಟಗೆ ಕಡಿದದ್ದನ್ನೂ ಕಾರಣವೆಂದು ಹೇಳಿದರು. ಧರೆ ಕಡಿಯುವುದು ಜೆಸಿಬಿಗೆ ಒಂದು ದಿನದ ಕೆಲಸ. ಅದನ್ನು ನಿಲ್ಲಿಸಿಕೊಳ್ಳುವುದು ಜೀವಮಾನದ ಕೆಲಸ.

ಚಿಕ್ಕಮಗಳೂರಿನಿಂದ ಬಂದ ಇಂಜಿನಿಯರ್ ವಯಸ್ಸಾದವರು, ಮಾತು ಕಡಿಮೆ. ಬಂದವರೇ ಮೂರು ಕಡೆ ಆಳೆತ್ತರ ಗುಂಡಿ ತೋಡಿಸಿದರು. ಮೇಲೆ ಒಂದೂವರೆ ಅಡಿ ಕಪ್ಪು ಮಣ್ಣು, ಅದರಡಿ ಕೆಂಪು ಜಿಗಟು ಮಣ್ಣು, ಅದರಡಿ ಗಟ್ಟಿ ಜಂಬಿಟ್ಟಿಗೆ. "ಅಮ್ಮಾ, ದೇವರು ಕೂರಿಸಿದ ಮಣ್ಣು ಬೇರೆ, ನಾವು ತುಂಬಿದ ಮಣ್ಣು ಬೇರೆ" ಅಂದರು. ಕೊಳದ ಅರ್ಧ ಗಟ್ಟಿ ನೆಲದಲ್ಲಿ, ಅರ್ಧ ತುಂಬಿದ ಮಣ್ಣಿನಲ್ಲಿ ಕೂತರೆ ತುಂಬಿದ ಕಡೆ ಒಂದೆರಡು ಮಳೆಗಾಲಕ್ಕೆ ಇಳಿಯುತ್ತದೆ, ಗಟ್ಟಿ ಕಡೆ ಇಳಿಯುವುದಿಲ್ಲ. ಎರಡೂ ಸೇರುವ ನಡುವಿನಲ್ಲಿ ಬಿರುಕು. ಆ ಬಿರುಕಿನಿಂದ ಸೋರಿದ ನೀರು ಅದೇ ಮಣ್ಣನ್ನು ಇನ್ನಷ್ಟು ನೆನೆಸುತ್ತದೆ. ಆಮೇಲಿನದು ಹೇಳಬೇಕಿಲ್ಲ.

ಅವರು ಮಾಡಿದ ಉಪಾಯ ಎಷ್ಟು ಸರಳ ನೋಡಿ. ಕೊಳವನ್ನು ತಿರುಗಿಸಿಬಿಟ್ಟರು! ಉದ್ದವನ್ನು ಇಳಿಜಾರಿಗೆ ಅಡ್ಡಲಾಗಿ ಇಟ್ಟರೆ ಇಳಿಜಾರಿನ ಮೇಲೆ ಬೀಳುವುದು 12 ಅಡಿ ಅಗಲ ಮಾತ್ರ, ಇಳಿತ 6 ಅಡಿಯಲ್ಲ, 3 ಅಡಿ. ನಮ್ಮ ಹಿರಿಯರು ಗದ್ದೆ ಮಾಡಿದ್ದೂ ಹೀಗೇ ಅಲ್ಲವೇ? ಗುಡ್ಡಕ್ಕೆ ಅಡ್ಡಲಾಗಿ ಉದ್ದುದ್ದ, ಕಿರಿದಾದ ಗದ್ದೆ. ಜೊತೆಗೆ ಇಡೀ ಕೊಳವನ್ನು ಅಂಚಿನಿಂದ 15 ಅಡಿ ಒಳಗೆ, ಗುಡ್ಡದ ಕಡೆಗೆ ಎಳೆದರು. ಪೂರ್ತಿ ಕಡಿದ ಗಟ್ಟಿ ನೆಲದಲ್ಲೇ ಕೊಳ. ತುಂಬಿದ ಮಣ್ಣಿನ ಮೇಲೆ ಒಂದು ಇಟ್ಟಿಗೆಯೂ ಇಲ್ಲ. ಆಕಾಶಕ್ಕೆ ಸೇರಿಕೊಳ್ಳುವ ನೀರು ಹೋಯಿತು ಅಂತ ಮಗ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಾಡುತ್ತಾನೆ ಬಿಡಿ ಅಂತ ನಾನೂ ಬಲವಂತ ಮಾಡಲಿಲ್ಲ.

2024ರ ಜನವರಿಯಲ್ಲಿ, ನೆಲ ಒಣಗಿದ ಮೇಲೆ, ಕೆಲಸ ಶುರುವಾಯಿತು. ಹಳೇ ಕಂಟ್ರಾಕ್ಟರು ಹೋಗಿ ನಮ್ಮ ಮೇಸ್ತ್ರಿಯೇ ಒಪ್ಪಿಕೊಂಡರು. ಅಗೆದ ಮಣ್ಣು ಎಷ್ಟಾಯಿತು ಅಂತೀರಿ, ಟ್ರಾಕ್ಟರಿನಲ್ಲಿ 40 ಲೋಡು! ಜೆಸಿಬಿ ಹುಡುಗ ಅದನ್ನು ಸಲೀಸಾಗಿ ಅಂಚಿನಿಂದ ಕೆಳಗೆ ನೂಕಲು ಹೊರಟಿದ್ದ. ನಾನು ಕೊಡೆ ಹಿಡಿದು ಅಡ್ಡ ನಿಂತೆ. ಇಳಿಜಾರಿನ ಮೇಲೆ ಸುರಿದ ಸಡಿಲ ಮಣ್ಣೇ ಮೊದಲ ಜಡಿಮಳೆಗೆ ಕೆಸರಾಗಿ ಕೆಳಗಿಳಿಯುವುದು. 40 ಲೋಡನ್ನೂ ರಸ್ತೆಯ ಆಚೆಗಿನ ತಗ್ಗಿಗೆ ಹೊಡೆಸಿದೆವು. ಅದಕ್ಕೆ ಖರ್ಚಾದ ಡೀಸೆಲ್ ಲೆಕ್ಕ ಯಜಮಾನರು ಇವತ್ತಿಗೂ ತೆಗೆಯುತ್ತಾರೆ.

ಗುಡ್ಡದ ಕಡೆ ಈಗ 5 ಅಡಿ ಧರೆ ನಿಂತಿತು. ಅದಕ್ಕೆ ತಡೆಗೋಡೆ ಬೇಕು. ತಡೆಗೋಡೆ ಅಂದರೆ ಮಣ್ಣನ್ನು ತಡೆಯುವ ಗೋಡೆ ಅಂತ ನಾನು ತಿಳಿದಿದ್ದೆ. ಇಂಜಿನಿಯರ್ ಹೇಳಿದ ಮೇಲೆ ಗೊತ್ತಾಯಿತು, ಗೋಡೆಯನ್ನು ಬೀಳಿಸುವುದು ಹೆಚ್ಚಾಗಿ ಮಣ್ಣಲ್ಲ, ಮಣ್ಣಿನ ಹಿಂದೆ ಕಟ್ಟಿಕೊಳ್ಳುವ ನೀರು. ನಮ್ಮ ಪ್ರೆಶರ್ ಕುಕ್ಕರ್ ಇದ್ದ ಹಾಗೆ ಅನ್ನಿ. ವಿಷಲಿನ ತೂತು ಕಟ್ಟಿಕೊಂಡರೆ ಏನಾಗುತ್ತದೆಂದು ನಿಮಗೆ ಬೇರೆ ಹೇಳಬೇಕೇ? ಅದಕ್ಕೇ ಗೋಡೆಯ ಹಿಂದೆ ಒಂದಡಿ ದಪ್ಪ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ಸೋಸುವ ಬಟ್ಟೆ, ಗೋಡೆಯುದ್ದಕ್ಕೂ ನಾಲ್ಕು ನಾಲ್ಕು ಅಡಿಗೆ ಮೂರಿಂಚಿನ ಪೈಪಿನ ತೂತು. ಗೋಡೆಯ ಮೇಲ್ಗಡೆ, ಗುಡ್ಡದಿಂದ ಹರಿದು ಬರುವ ನೀರನ್ನು ಅಲ್ಲೇ ಹಿಡಿದು ಪಕ್ಕದ ಹಳ್ಳಕ್ಕೆ ಸಾಗಿಸುವ ಬಸಿಗಾಲುವೆ. ಕೊಳದ ತಳದ ಕೆಳಗೂ ಜಲ್ಲಿ ಹಾಸಿ ತೂತಿನ ಪೈಪು ಮಲಗಿಸಿ ಅದರ ಬಾಯನ್ನು ಹಳ್ಳಕ್ಕೆ ಬಿಟ್ಟರು. ಈ ಕೊನೆಯ ಪೈಪು ನನಗೆ ಬಹಳ ಇಷ್ಟ. ಮಳೆಗಾಲದಲ್ಲಿ ಅದರಲ್ಲಿ ನೀರು ಬಂದರೆ ಸರಿ. ಕಡು ಬೇಸಿಗೆಯಲ್ಲಿ ಬಂದರೆ ಕೊಳ ಸೋರುತ್ತಿದೆ ಎಂದೇ ಅರ್ಥ!

ಇನ್ನೊಂದು ವಿಚಿತ್ರ ಕೇಳಿ. ಖಾಲಿ ಕೊಳ ತೇಲುತ್ತದಂತೆ. ಹೌದು ಮಾರಾಯ್ರೇ, ಕಾಂಕ್ರೀಟಿನ ಕೊಳ! ಮಳೆಗಾಲದಲ್ಲಿ ನೆಲದೊಳಗೆ ಜಲ ಎದ್ದು ಸುತ್ತ ನೀರು ತುಂಬಿದಾಗ ಒಳಗೆ ನೀರಿಲ್ಲದ ಕೊಳ ದೋಣಿಯ ಹಾಗೆ ಮೇಲಕ್ಕೆ ಒತ್ತಿಸಿಕೊಳ್ಳುತ್ತದೆ, ತಳ ಒಡೆಯುತ್ತದೆ. "ತುಂಬಿದ ಕೊಳಕ್ಕೆ ನಾನು ಹೆದರಲ್ಲ, ಮಳೆಗಾಲದ ಖಾಲಿ ಕೊಳಕ್ಕೆ ಹೆದರ್ತೀನಿ" ಅಂದರು ಇಂಜಿನಿಯರ್. ತಳದಲ್ಲಿ ಒಂದು ವಾಲ್ವು ಇಡಿಸಿದರು. ಹೊರಗಿನ ನೀರಿನ ಒತ್ತಡ ಹೆಚ್ಚಾದರೆ ಅದು ತಾನೇ ತೆರೆದು ನೀರನ್ನು ಕೊಳದೊಳಕ್ಕೆ ಬಿಟ್ಟುಕೊಳ್ಳುತ್ತದೆ. ಕೊಳ ತೊಳೆಯಬೇಕು ಅಂತ ಜುಲೈನಲ್ಲಿ ಯಾರೂ ಖಾಲಿ ಮಾಡಿಬಿಡಬೇಡಿ.

ಮಾರ್ಚ್ ಕೊನೆಗೆ ಕಾಂಕ್ರೀಟು ಕೆಲಸ ಮುಗಿಯಿತು. ಆ ಬೇಸಿಗೆ ನಿಮಗೆ ನೆನಪಿರಬೇಕು. 2023ರ ಮಳೆ ಕೈಕೊಟ್ಟು ರಾಜ್ಯವೆಲ್ಲ ನೀರಿಗೆ ಒದ್ದಾಡಿತು, ಬೆಂಗಳೂರಿನಲ್ಲಿ ಟ್ಯಾಂಕರಿಗೆ ಕ್ಯೂ. ನಮ್ಮ ತೋಟದ ಕೆರೆಯ ನೀರು ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯಲಿಕ್ಕೇ ಸಾಲದು. ಅಂಥಾದ್ದರಲ್ಲಿ ಆಟಕ್ಕೆ ಟ್ಯಾಂಕರ್ ನೀರು ತರಿಸಲು ನನಗೆ ಮನಸ್ಸು ಒಪ್ಪಲಿಲ್ಲ. ಮನೆಯ ಹೆಂಚಿನ ಮಾಡು 1,500 ಚದರ ಅಡಿ. ಒಂದು ಇಂಚು ಮಳೆಗೆ ಮೂರೂವರೆ ಸಾವಿರ ಲೀಟರ್ ಬೀಳುತ್ತದೆ. ಪೋಲಾದದ್ದು ಕಳೆದರೂ ಹನ್ನೊಂದು ಇಂಚಿಗೆ ಕೊಳ ತುಂಬಬೇಕು, ನಮ್ಮೂರಿಗೆ ಅದೇನು ಮಹಾ! ಮಾಡಿನ ದಂಬೆಯಿಂದ ಪೈಪು ಎಳೆಸಿದೆವು. ಜೂನ್ ಮುಗಿಯುವ ಮೊದಲೇ ಕೊಳ ತುಂಬಿತು. ನೆಲ ನೆನೆದಂತೆಲ್ಲ ಕೊಳವೂ ತುಂಬುತ್ತ ಬಂದದ್ದರಿಂದ ತೇಲುವ ಭಯವೂ ಇರಲಿಲ್ಲ.

ಆದರೆ ಟೈಲ್ಸ್ ಹಾಕಿಸಲು ನಾನು ಬಿಡಲಿಲ್ಲ. ಹೊಸ ಕೆರೆ ಏರಿ ಒಂದು ಮಳೆಗಾಲ ಕಾಣಲಿ, ಆಮೇಲೆ ನಂಬೋಣ ಅನ್ನುವ ಮಾತು ನಮ್ಮ ಮಾವನವರದು. "ಒಂದು ಸೀಸನ್ ಹೋಯ್ತು" ಅಂತ ಮಗ ತಲೆ ಚಚ್ಚಿಕೊಂಡ.

ಆ ವರ್ಷದ ಜುಲೈ! ಶಿರಾಡಿಘಾಟಿನಲ್ಲಿ ಗುಡ್ಡ ಜರಿದು ರಸ್ತೆ ಬಂದ್. ನಮ್ಮಲ್ಲಿ ವಾರಗಟ್ಟಲೆ ಕರೆಂಟಿಲ್ಲ. ಕಾಫಿ ಕುಯ್ಯುವ ಅಜ್ಜಿಯೊಬ್ಬರು ಲೈನಿನಿಂದ ಗೊರಬು ಹೊದ್ದು ಬಂದು ಅಡುಗೆ ಮನೆಯ ಬಾಗಿಲಲ್ಲಿ ನಿಂತರು. "ಅಮ್ಮಾ, ಆ ಗ್ವಾಡೆ ನಿಲ್ತದಾ?" ಅಂದರು. ಅಷ್ಟೇ ಮಾತು. ಇಂಜಿನಿಯರ್ ಬರೆದುಕೊಟ್ಟ ಕಾಗದ ತೋರಿಸಿದರೆ ಆ ಪ್ರಶ್ನೆಗೆ ಉತ್ತರವಾಗುತ್ತದೆಯೇ? ಆ ರಾತ್ರಿಯಿಂದಲೇ ಐದು ಸಂಸಾರವನ್ನೂ ಕಾಫಿ ಗೋಡೌನಿಗೆ ಕರೆತಂದು ಮಲಗಿಸಿದೆವು. ಖಾಲಿ ಗೋಣಿಚೀಲ ಹಾಸಿ, ಒಲೆ ಹಾಕಿ, ದೊಡ್ಡ ಪಾತ್ರೆಯಲ್ಲಿ ಗಂಜಿ ಬೇಯಿಸಿ ಹನ್ನೆರಡು ರಾತ್ರಿ. ಹುರುಳಿ ಚಟ್ನಿ ಆ ದಿನಗಳಲ್ಲಿ ತಿಂದಷ್ಟು ನಾನು ಯಾವತ್ತೂ ತಿಂದಿಲ್ಲ. 30ನೇ ತಾರೀಖು ಬೆಳಿಗ್ಗೆ ಬ್ಯಾಟರಿ ರೇಡಿಯೋದಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲದ ಸುದ್ದಿ ಬಂತು. ಗೋಡೌನಿನಲ್ಲಿ ಯಾರೂ ಮಾತಾಡಲಿಲ್ಲ.

ಮೇಸ್ತ್ರಿ ದಿನಕ್ಕೆರಡು ಸಲ ಗೋಡೆಗೆ ತೂಕದ ಗುಂಡು ಇಳಿಬಿಟ್ಟು ನೋಡುತ್ತಿದ್ದರು, ವಾಲಿದೆಯೋ ಅಂತ. ಮೆಟ್ಟಿಲ ಪಕ್ಕ ಒಂದು ಕೂದಲೆಳೆ ಬಿರುಕು ಕಂಡಿತು. ಹಳೇ ಫೋಟೋ ಕಟ್ಟಿನ ಗಾಜಿನಲ್ಲಿ ಒಂದು ಪಟ್ಟಿ ಕತ್ತರಿಸಿ, ಬಿರುಕಿನ ಮೇಲೆ ಅಡ್ಡಲಾಗಿ ಸಿಮೆಂಟಿನಲ್ಲಿ ಕೂರಿಸಿದರು. ಗೋಡೆ ಕದಲಿದರೆ ಗಾಜು ಟಣ್ಣನೆ ಒಡೆಯುತ್ತದೆ. ನಾನು ಸೊಸೆ ಟಾರ್ಚು ಹಿಡಿದು ಮಧ್ಯರಾತ್ರಿ ಆ ಗಾಜು ನೋಡಲು ಹೋಗುತ್ತಿದ್ದೆವು. ಪೈಪಿನ ತೂತುಗಳಲ್ಲಿ ಬೆರಳು ದಪ್ಪ ನೀರು ಸುರಿಯುತ್ತಿತ್ತು. ನೀರು ಬರುವುದು ಭಯವಲ್ಲ, ಕೆಂಪಗೆ ಬಂದರೆ ಭಯ, ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಅಂತ. ಮೊದಲ ಎರಡು ದಿನ ಕೆಂಪು, ಆಮೇಲೆ ತಿಳಿಯಾಯಿತು. ಒಂದು ತೂತಿನಲ್ಲಿ ಮಾತ್ರ ನೀರೇ ನಿಂತುಹೋಯಿತು. ಕಂಬಿ ಹಾಕಿ ಕೆದಕಿದರೆ ಒಳಗಿನಿಂದ ಒಂದು ದಪ್ಪ ಏಡಿ ಹೊರಬಿತ್ತು, ಹಿಂದೆಯೇ ನೀರು! ಅಷ್ಟು ದಿನದಲ್ಲಿ ಮೊದಲ ಸಲ ಎಲ್ಲರೂ ನಕ್ಕದ್ದು ಆಗಲೇ. ಗಾಜು ಒಡೆಯಲಿಲ್ಲ. ಇವತ್ತಿಗೂ ಅಲ್ಲೇ ಇದೆ.

ಮರು ಜನವರಿಯಲ್ಲಿ, 2025ರಲ್ಲಿ, ನೆಲ ಒಣಗಿದ ಮೇಲೆ ನೀರು ಬಸಿದು ಟೈಲ್ಸ್ ಹಾಕಿಸಿದೆವು. ಹನ್ನೆರಡು ಲಕ್ಷದ ಅಂದಾಜು ಹದಿನೇಳಕ್ಕೆ ಹೋಗಿ ನಿಂತಿತು. ಹೆಚ್ಚಾದದ್ದೆಲ್ಲ ಕಣ್ಣಿಗೆ ಕಾಣದ ಕಡೆ, ಗೋಡೆಯ ಹಿಂದೆ, ತಳದ ಕೆಳಗೆ.

ಮಕ್ಕಳಿರುವ ಮನೆಯವರಿಗೆ ಎರಡು ಮಾತು. ನೀರಿಗೆ ಬಿದ್ದ ಮಗು ಕೂಗುತ್ತದೆ, ಕೈಕಾಲು ಬಡಿಯುತ್ತದೆ ಅಂದುಕೊಳ್ಳಬೇಡಿ, ಸದ್ದಿಲ್ಲದೆ ಮುಳುಗುತ್ತದೆ. ಸುತ್ತ ಬೇಲಿ ಬೇಕು, ಸರಳುಗಳು ನೆಟ್ಟಗೆ ಇರಬೇಕು, ಅಡ್ಡ ಪಟ್ಟಿಯಿದ್ದರೆ ಹತ್ತುತ್ತವೆ. ಗೇಟು ಹೊರಕ್ಕೆ ತೆರೆದು ತಾನೇ ಮುಚ್ಚಿಕೊಳ್ಳಬೇಕು, ಚಿಲಕ ಮಕ್ಕಳ ಕೈಗೆ ಎಟುಕಬಾರದು. ಇನ್ನೊಂದು ನಮ್ಮ ಹೆಂಗಸರ ವಿಷಯ. ತಳದಲ್ಲಿ ಪಂಪು ನೀರೆಳೆಯುವ ಬಾಯಿಗೆ ಉದ್ದ ಜಡೆ ಸಿಕ್ಕಿಕೊಂಡರೆ ಬಿಡಿಸಲಾಗದು. ಅಮೆರಿಕದಲ್ಲಿ 2002ರಲ್ಲಿ ಏಳು ವರ್ಷದ ಹುಡುಗಿಯೊಬ್ಬಳನ್ನು ಬಿಸಿನೀರಿನ ತೊಟ್ಟಿಯೊಂದರಲ್ಲಿ ಆ ಸೆಳೆತವೇ ಹಿಡಿದಿಟ್ಟು ಅವಳು ತೀರಿಕೊಂಡಳು. ಅವಳ ಹೆಸರಿನಲ್ಲೇ 2007ರಲ್ಲಿ ಅಲ್ಲಿ ಕಾನೂನು ಬಂತು. ಒಂದರ ಬದಲು ದೂರ ದೂರ ಎರಡು ಬಾಯಿ, ಅದಕ್ಕೆ ಉಬ್ಬಿದ ಜಾಲರಿ ಮುಚ್ಚಳ ಹಾಕಿಸಿ. ಜಡೆ ಕಟ್ಟಿ ಟೋಪಿ ಹಾಕಿಕೊಂಡೇ ಇಳಿಯಿರಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಇಳಿಯಬೇಡಿ, ಫಿಲ್ಟರು ಕೆಡುತ್ತದೆ. ನಮ್ಮ ಅತ್ತೆಯವರಿಗೆ ಇದನ್ನು ಹೇಳುವುದರೊಳಗೆ ನನಗೆ ಸಾಕಾಯಿತು.

ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿಯುತ್ತದೆ. ಬಿಸಿಲಿಗೆ ದಿನಕ್ಕೆ ಐದು ಮಿಲಿಮೀಟರ್ ಆರಿದರೂ ನಮ್ಮ ಕೊಳದಿಂದ ಒಂಬತ್ತು ಕೊಡ ನೀರು ಹೋಯಿತು. ಸೋರಿಕೆಯೋ ಬಿಸಿಲೋ ಅನುಮಾನ ಬಂದರೆ ಒಂದು ಬಕೆಟಿಗೆ ಕೊಳದ ನೀರನ್ನೇ ತುಂಬಿ ಕೊಳದ ಮೆಟ್ಟಿಲ ಮೇಲೆ ನೀರಲ್ಲೇ ಇಡಿ. ಒಳಗೆ ಹೊರಗೆ ಎರಡೂ ಕಡೆ ಗುರುತು ಮಾಡಿ ಮಾರನೇ ದಿನ ನೋಡಿ. ಬಕೆಟಿಗಿಂತ ಕೊಳದಲ್ಲಿ ಹೆಚ್ಚು ಇಳಿದಿದ್ದರೆ ಮೇಸ್ತ್ರಿಗೆ ಫೋನ್ ಮಾಡಿ.

ಮಗನಿಗೆ ನಾನು ಹಾಕಿದ ಷರತ್ತು ಒಂದೇ. ಸೋಮವಾರ ಅತಿಥಿಗಳಿರುವುದಿಲ್ಲ. ಅವತ್ತು ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕೊಳ ಲೈನ್ ಮನೆಯ ಮಕ್ಕಳದು. ಸೊಸೆ ಈಜು ಬಲ್ಲವಳು, ನಿಂತು ಕಲಿಸುತ್ತಾಳೆ. ಏಳು ಮಕ್ಕಳಲ್ಲಿ ನಾಲ್ವರು ಈಗ ಈ ತುದಿಯಿಂದ ಆ ತುದಿಗೆ ಹೋಗುತ್ತಾರೆ. ಉಳಿದ ಮೂವರು ಬೆನ್ನಿಗೆ ಖಾಲಿ ಡಬ್ಬ ಕಟ್ಟಿಕೊಂಡು ಒದ್ದಾಡುತ್ತಾರೆ. ಅಜ್ಜಿ ಮೇಲೆ ಕೂತು ಎಲೆಯಡಿಕೆ ಹಾಕುತ್ತ ನೋಡುತ್ತಾರೆ. ಮೃಗಶಿರ ಮಳೆಗೆ ಮುಂಚೆ ಮೇಲಿನ ಬಸಿಗಾಲುವೆಯ ಎಲೆಕಸ ತೆಗೆಸಬೇಕು, ಪೈಪಿನ ತೂತುಗಳಿಗೆ ಏಡಿ ನುಗ್ಗದ ಹಾಗೆ ಜಾಲರಿ ಹೊಡೆಸಬೇಕು. ಕಳೆದ ವರ್ಷ ಹಾಕಿದ್ದು ತುಕ್ಕು ಹಿಡಿದಿದೆ.